ಬಸ್ಸು ತೊಳೆಯುವ ಅಳಿಯ, ಹಾಸಿಗೆ ಹಿಡಿದ ಅತ್ತೆ

ಬೆಳಗಿನ ಐದು ಗಂಟೆ. ಡಿಪೋದ ಅಂಗಳದಲ್ಲಿ ಸಾಲುಗಟ್ಟಿದ ಬಸ್ಸುಗಳ ನಡುವೆ ರಬ್ಬರ್ ಪೈಪು ಎಳೆದುಕೊಂಡು ಓಡಾಡುವ ಆ ಐವತ್ತರ ಮನುಷ್ಯನ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ. ಉದ್ದ ಕೋಲಿನ ಬ್ರಷ್ಷಿನಿಂದ ಗಾಜು ಉಜ್ಜುತ್ತಾರೆ. ಸೀಟಿನಡಿ ತೂರಿ, ನಿನ್ನೆ ಯಾರೋ ಕಕ್ಕಿದ್ದನ್ನು ಕೆರೆದು ತೊಳೆಯುತ್ತಾರೆ. ಆರಕ್ಕೆ ಐದು ನಿಮಿಷ ಇರುವಾಗ ಜೇಬಿನ ಫೋನು ಬಡಿದುಕೊಳ್ಳುತ್ತದೆ. ಬ್ರಷ್ಷನ್ನು ಗೋಡೆಗೆ ಒರಗಿಸಿದವರೇ ಹಿಂದಿನ ಗೇಟಿನತ್ತ ಓಟ ಕೀಳುತ್ತಾರೆ.

ಎರಡು ಓಣಿ ದಾಟಿದರೆ ಮನೆ. ಒಳಗೆ ಎಪ್ಪತ್ತೆರಡರ ಅತ್ತೆ ಕಣ್ಣು ಬಿಟ್ಟುಕೊಂಡು ಕೊರಡಿನಂತೆ ಮಲಗಿದ್ದಾರೆ. ಪಾರ್ಕಿನ್ಸನ್ ಕಾಯಿಲೆ. ರಾತ್ರಿಯ ಮಾತ್ರೆಯ ಬಲ ಇಳಿದಿದೆ. ಮಗ್ಗುಲು ಹೊರಳಲೂ ಆಗದು. ಅಳಿಯ ಬೆನ್ನಿಗೆ ಕೈಕೊಟ್ಟು ಕೂರಿಸಿ, ಗದ್ದವನ್ನು ಎದೆಯತ್ತ ಬಾಗಿಸಿ, ವೈದ್ಯರು ಹೇಳಿಕೊಟ್ಟಂತೆ ಕರಗಿಸಿದ ಮಾತ್ರೆಯನ್ನು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸುತ್ತಾರೆ. ಅವಸರಪಟ್ಟರೆ ಶ್ವಾಸಕ್ಕೆ ಹೋಗುತ್ತದೆ. ಇಪ್ಪತ್ತು ನಿಮಿಷದಲ್ಲಿ ವಾಪಸು ಡಿಪೋ. ಅಷ್ಟರಲ್ಲಿ ಅವರ ಪಾಲಿನ ಬಸ್ಸಿಗೆ ಜೊತೆಯವರು ಸೋಪು ಹಚ್ಚಿರುತ್ತಾರೆ.

ಡಿಪೋದಲ್ಲಿ ಅವರಿಗೆ ‘ಅಳಿಯ’ ಎಂದೇ ಹೆಸರು. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಹೆಂಡತಿಯೇ ಇಲ್ಲದ ಮೇಲೆ ಅತ್ತೆಯ ಗೊಡವೆ ಯಾಕೆ ಎಂದು ಕೇಳಿದವರು ಒಬ್ಬಿಬ್ಬರಲ್ಲ. ‘ಅಳಿಯ ಮನೆ ತೊಳಿಯ’ ಎಂದು ಗಾದೆ ಎಸೆದವರಿಗೆ, ಮಾತು ಬರುತ್ತಿದ್ದಾಗ ಅತ್ತೆಯೇ ಉತ್ತರ ಕೊಟ್ಟಿದ್ದರಂತೆ: “ಹೌದು, ತೊಳೀತಾರೆ. ಬಸ್ಸೂ ತೊಳೀತಾರೆ, ಮನೇನೂ ತೊಳೀತಾರೆ, ನನ್ನ ಸೀರೇನೂ ತೊಳೀತಾರೆ. ನಿಮ್ಮ ಅಳಿಯ ಏನು ಮಾಡ್ತಾರೆ?”

ಆಕೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ. ಇಸ್ತ್ರಿ ಪೆಟ್ಟಿಗೆಯಡಿ ಬಟ್ಟೆ ಸುಟ್ಟು ಹೊಗೆಯೆದ್ದರೂ ಆಕೆಯ ಮೂಗಿಗೆ ವಾಸನೆ ಬಡಿಯಲಿಲ್ಲ. ಯಾರೂ ಅದನ್ನು ಕಾಯಿಲೆ ಅಂದುಕೊಳ್ಳಲಿಲ್ಲ. ಅಳತೆ ಪುಸ್ತಕದ ಅಕ್ಷರಗಳು ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟು ಸಣ್ಣಗಾಗತೊಡಗಿದವು. ಸುಮ್ಮನೆ ಕೂತಾಗ ಬಲಗೈ ಹೆಬ್ಬೆರಳು ತಾನಾಗಿ ಅಲುಗುತ್ತಿತ್ತು. ವಯಸ್ಸಾಯಿತು ಎಂದರು ಎಲ್ಲರೂ.

ಆಗಲೇ ಮಗಳು ಜ್ವರದಲ್ಲಿ ಹೋದಳು. ಹೆಣದ ಮುಂದೆ ಕೂತ ತಾಯಿಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಕಲ್ಲೆದೆಯವಳು ಎಂದು ಬಂಧುಗಳು ಪಿಸುಗುಟ್ಟಿದರು. “ನಾನೂ ಹಾಗೇ ಅಂದ್ಕೊಂಡೆ,” ಎನ್ನುತ್ತಾರೆ ಅಳಿಯ. “ಹನ್ನೊಂದು ತಿಂಗಳು ಈ ಮನೆ ಹೊಸ್ತಿಲು ತುಳೀಲಿಲ್ಲ.”

ಆಕೆ ಬೀದಿಯಲ್ಲಿ ಬಿದ್ದರೆಂದು ಯಾರೋ ಫೋನು ಮಾಡಿದಾಗ ಅಳಿಯ ಬೇರೆ ಗತಿಯಿಲ್ಲದೆ ಆಸ್ಪತ್ರೆಗೆ ಕರೆದೊಯ್ದರು. ನರರೋಗದ ವೈದ್ಯೆ ಕೈಕಾಲು ಮಡಚಿ ನೋಡಿ, ನಡೆಸಿ ನೋಡಿ, ಕಾಯಿಲೆಯ ಹೆಸರು ಹೇಳಿದರು. ಇದು ಕೈ ನಡುಗಿಸುವುದಷ್ಟೇ ಅಲ್ಲ, ಮುಖದ ಸ್ನಾಯುಗಳನ್ನೂ ಬಿಗಿಯುತ್ತದೆ. ಒಳಗಿನ ದುಃಖ ಹೊರಗೆ ಕಾಣುವುದಿಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೇ ಅಳಿಯ ಅತ್ತೆಯ ಕಾಲು ಹಿಡಿದರು. ಆಕೆಯ ದನಿ ಆಗಲೇ ಸಣ್ಣದಾಗಿತ್ತು. “ಒಳಗೆ ಅಳ್ತಾನೇ ಇದ್ದೆ ಅಳಿಯಂದ್ರೇ. ಮುಖ ನನ್ನ ಮಾತು ಕೇಳ್ಲಿಲ್ಲ.”

ಅಂದೇ ಅಳಿಯ ತಮ್ಮ ಬಾಡಿಗೆ ಕೋಣೆ ಖಾಲಿ ಮಾಡಿ ಇಲ್ಲಿಗೆ ಬಂದರು. ಬಾಗಿಲ ಬಳಿ ಬಂದಾಗೆಲ್ಲ ಅತ್ತೆಯ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಎಳೆದರೆ ಬೀಳುತ್ತಾರೆ ಎಂದು ಗೊತ್ತಾಗಲು ಎರಡು ಸಲ ಬೀಳಬೇಕಾಯಿತು. ವೈದ್ಯೆಯ ಮಾತಿನಂತೆ ನೆಲಕ್ಕೆ ಬಿಳಿ ಟೇಪಿನ ಅಡ್ಡಪಟ್ಟಿ ಹಚ್ಚಿ, “ಪಟ್ಟಿ ದಾಟಿ ಅತ್ತೆ, ಒಂದು... ಎರಡು...” ಎಂದು ಎಣಿಸಿದರು. ಕಾಲು ಎದ್ದಿತು. ಮುಂದೆ, ಖಾಲಿ ಮೂಲೆಯಲ್ಲಿ ಯಾರೋ ಮಕ್ಕಳು ಕೂತಿದ್ದಾರೆ ಎಂದು ಆಕೆ ಹೇಳತೊಡಗಿದಾಗ ಅಳಿಯ ವಾದಕ್ಕಿಳಿಯಲಿಲ್ಲ. ವೈದ್ಯೆಗೆ ತಿಳಿಸಿದರು, ದೀಪ ಹಾಕಿ ಪಕ್ಕದಲ್ಲಿ ಕೂತರು.

ಹೋದ ವರ್ಷ ಬಚ್ಚಲಲ್ಲಿ ಜಾರಿ ಅತ್ತೆಯ ತೊಡೆಮೂಳೆ ಮುರಿಯಿತು. ಸೇರಿಸಿದ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರಿಗೂ ಮಾತ್ರೆ ಒಂಬತ್ತಕ್ಕೆ. “ಇವರಿಗೆ ಆರಕ್ಕೇ ಬೇಕು, ತಡವಾದ್ರೆ ಮೈ ಬಿಗಿಯುತ್ತೆ ಅಂದೆ. ‘ಆಚೆ ಇರಿ, ನಮಗೆ ಗೊತ್ತು’ ಅಂದ್ರು. ಜಗಳ ಆಡ್ಬೇಕಿತ್ತು. ಚೀಟಿ ತೋರಿಸಿ ಕಿರುಚಾಡ್ಬೇಕಿತ್ತು. ಬಸ್ಸು ತೊಳೆಯೋನು, ಅಂಜ್ಕೊಂಡು ಸುಮ್ಮನಾದೆ.” ಐದನೆಯ ದಿನಕ್ಕೆ ಆಕೆ ಗುಟುಕು ನೀರೂ ನುಂಗಲಾರದಂತಾದರು. ಮೂಳೆ ಕೂಡಿತು; ಅತ್ತೆ ಮತ್ತೆ ನಡೆಯಲಿಲ್ಲ.

ದಿನಕ್ಕೆ ಹದಿನಾಲ್ಕು ಬಸ್ಸು, ನಾಲ್ಕು ಹೊತ್ತು ಮಾತ್ರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ವಾರಕ್ಕೊಮ್ಮೆ ನರ್ಸಮ್ಮ ಬಂದು ನೋಡಿ ಹೋಗುತ್ತಾರೆ. ಕೆಲಸದ ಹೊತ್ತಿನಲ್ಲಿ ಪಕ್ಕದ ಮನೆಯ ಅಕ್ಕ ಬಂದು ಕೂರುತ್ತಾರೆ. ಒಬ್ಬರೇ ಎತ್ತಿ ಕೂರಿಸುವ ಬಲ ಆಕೆಗಿಲ್ಲ, ಹಾಗಾಗಿ ಮಾತ್ರೆಯ ಹೊತ್ತಿಗೆ ಅಳಿಯನೇ ಬರಬೇಕು. ಗೇಟು ದಾಟಿದ್ದಕ್ಕೆ ಮೇಲ್ವಿಚಾರಕರು ಮೂರು ಸಲ ನೋಟೀಸು ಕೊಟ್ಟಿದ್ದಾರೆ. ಇನ್ನೊಂದಾದರೆ ಕೆಲಸ ಹೋಗಬಹುದು. ಅತ್ತೆಗೆ ಇನ್ನೆಷ್ಟು ದಿನ ಎಂಬ ಪ್ರಶ್ನೆಗೆ ವೈದ್ಯೆಯೂ ಉತ್ತರ ಹೇಳುವುದಿಲ್ಲ. ಮಾತ್ರೆ ಕಾಯಿಲೆಯನ್ನು ವಾಸಿ ಮಾಡದು, ಮೈಯನ್ನು ಕೊಂಚ ಸಡಿಲಿಸುತ್ತದೆ ಅಷ್ಟೇ. ಮಾತು ನಿಂತು ನಾಲ್ಕು ತಿಂಗಳಾಯಿತು.

ಇಷ್ಟು ಮಾಡಿ ಏನು ಸಿಕ್ಕಿತು ಎಂದು ಕೇಳಿದರೆ ಅಳಿಯ ಅತ್ತೆಯ ಹೊದಿಕೆ ಸರಿಪಡಿಸುತ್ತಾರೆ. ಆಮೇಲೆ ನಾಚಿಕೊಂಡೇ ಹೇಳುತ್ತಾರೆ:

“ಹಾಸಿಗೆ ಹಿಡಿದು ವರ್ಷ ಆಗ್ತಾ ಬಂತು. ಬೆನ್ನ ಮೇಲೆ ಒಂದೇ ಒಂದು ಹುಣ್ಣಾಗಿಲ್ಲ. ಬೇಕಾದ್ರೆ ನರ್ಸಮ್ಮನ್ನ ಕೇಳಿ.”