ಬ್ರಾಂಕ್ಸ್ ಸೋತ ಮರುದಿನ

ಎದುರುಮನೆ ಅಂಕಲ್ ಬಲಗೈ ಹೆಬ್ಬೆರಳಿಗೆ ಪೆನ್ಸಿಲ್ಲಿನ ಮಸಿ ಮೆತ್ತಿಕೊಂಡೇ ಇರುತ್ತಿತ್ತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೂ ಅದು ಹೋಗುತ್ತಿರಲಿಲ್ಲ. ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುತ್ತಾ, ಚೌಕುಳಿ ಹಾಳೆಯ ಮೇಲೆ ಆಟವನ್ನೆಲ್ಲ ಬರೆದಿಡುವುದು ಅವರ ಅಭ್ಯಾಸ. ತಪ್ಪಾದರೆ ರಬ್ಬರ್ ಹುಡುಕುತ್ತಿರಲಿಲ್ಲ, ಹೆಬ್ಬೆರಳಲ್ಲೇ ಒರೆಸಿಬಿಡುತ್ತಿದ್ದರು.

ನಾವು ಕ್ವೀನ್ಸ್‌ನ ಬಾಡಿಗೆ ಮನೆ ಬಿಟ್ಟು ಕೆಂಡಲ್ ಪಾರ್ಕಿನ ಸ್ವಂತ ಮನೆಗೆ ಬಂದ ದಿನ, ಟ್ರಕ್ಕಿನಿಂದ ಸಾಮಾನು ಇಳಿಯುತ್ತಿರುವಾಗಲೇ ಅವರೂ ಆಂಟಿಯೂ ಜೋಳದ ರೊಟ್ಟಿ, ಎಣ್ಣೆಗಾಯಿ ಹಿಡಿದು ಬಂದರು. ಧಾರವಾಡದವರು. ಮಾತಿಗೆ ಮಾತು ಬಂದು ಬೇಸ್‌ಬಾಲ್‌ಗೆ ತಿರುಗಿದಾಗ ನಾನು, "ನಾವು ಕ್ವೀನ್ಸ್ ಟೀಮಿನವರು ಅಂಕಲ್. ಒಂದೇ ಊರಿನವರಾದ್ರೂ ಆ ಬ್ರಾಂಕ್ಸ್ ಟೀಮನ್ನ ಕಂಡ್ರೆ ಮೈಯೆಲ್ಲಾ ಉರಿಯುತ್ತೆ" ಅಂದೆ.

"ಹೌದೌದು, ನಾವೂ ನಿಮ್ಮ ಕಡೀನ ಬಿಡವಾ" ಅಂದರು ಅಂಕಲ್.

ಅವರ ಮನೆ ಹಿಂದಿನ ಮರದ ಡೆಕ್ಕಿನಲ್ಲಿ ಕೂತೇ ಆ ಹಾಳೆ ತುಂಬುವುದನ್ನು ಕಲಿತೆ. "ಯಾರು ಗೆದ್ರು ಅಂತ ಊರೇ ಹೇಳತೈತಿ. ಹೆಂಗ ಗೆದ್ರು ಅನ್ನೋದನ್ನ ಬರದಿಡಬೇಕು ತಂಗಿ" ಅನ್ನುತ್ತಿದ್ದರು. ಬ್ರಾಂಕ್ಸ್ ಸೋತ ಮರುದಿನ ನಮ್ಮ ಮನೆಯಲ್ಲಿ ಕೇಸರಿಬಾತು, ಮೊದಲ ಬಟ್ಟಲು ಅಂಕಲ್‌ಗೆ. ನಾನು ಆಡಿಕೊಂಡು ನಗುವಾಗ ಅವರೂ ನಗುತ್ತಿದ್ದರು. "ಶುಗರ್ ಐತಿ" ಅಂತ ಎರಡೇ ಚಮಚ ತಿಂದು ಬಟ್ಟಲು ಸರಿಸುತ್ತಿದ್ದರು.

ಮಗಳು ಹುಟ್ಟಿದ ಮೇಲೆ ನಾನು ಲ್ಯಾಬಿನ ಕೆಲಸ ಬಿಟ್ಟೆ. ಗಂಡ, ಅಮ್ಮ, ಗೆಳತಿಯರು, ಎಲ್ಲರೂ ಬೈದರು. "ಛಲೋ ಮಾಡಿದಿ ಬಿಡು. ಏನೂ ತಪ್ಪಿಲ್ಲ" ಅಂದವರು ಅಂಕಲ್ ಒಬ್ಬರೇ. ಆ ಒಂದು ಮಾತಿಗೆ ಆತುಕೊಂಡು ನಾನು ಹತ್ತು ವರ್ಷ ಕಳೆದೆ.

ಆಮೇಲೆ ಆ ಅಕ್ಟೋಬರ್ ಬಂತು. ಸರಣಿಯಲ್ಲಿ ಬ್ರಾಂಕ್ಸ್‌ನವರು ಬೇರೊಂದು ಊರಿನ ಟೀಮಿಗೆ ನಾಲ್ಕಕ್ಕೆ ನಾಲ್ಕೂ ಸೋತು ಹೊರಬಿದ್ದರು. ಕೊನೆಯ ಆಟದಲ್ಲಂತೂ ಅರ್ಧಕ್ಕೇ ಅವರ ಜನ ಎದ್ದು ಪಾರ್ಕಿಂಗ್ ಲಾಟಿನ ಕಡೆ ಹೊರಟಿದ್ದರು. ಮರುದಿನ ಬೆಳಿಗ್ಗೆ ಪೇಪರಿನ ತಲೆಬರಹ ಎರಡು ಸಲ ಓದಿ, ಕೇಸರಿಬಾತಿಗೆ ಒಂದು ಹಿಡಿ ಗೋಡಂಬಿ ಜಾಸ್ತಿಯೇ ಹಾಕಿ, ಬಿಸಿಬಿಸಿ ಬಟ್ಟಲು ಹಿಡಿದು ರಸ್ತೆ ದಾಟಿದೆ.

ಆಂಟಿ ಬಾಗಿಲು ತೆಗೆದರು. "ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ ನೋಡವಾ. ಅವರ ಟೀಮು ಸೋತಾಗೆಲ್ಲ ಹಿಂಗ."

"ನಮ್ಮ ಟೀಮು ನಿನ್ನೆ ಆಡಲೇ ಇಲ್ಲವಲ್ಲ ಆಂಟಿ?"

ಆಂಟಿ ನಾಲಿಗೆ ಕಚ್ಚಿಕೊಂಡರು. ಹಿಂದೆ ಸೋಫಾದ ಮೇಲೆ ಅಂಕಲ್. ಮೈಮೇಲೆ ಬ್ರಾಂಕ್ಸ್ ಟೀಮಿನ ಪಟ್ಟೆ ಪಟ್ಟೆ ಅಂಗಿ. ಹೊಸದಲ್ಲ, ಕಾಲರು ಒಗೆದು ಒಗೆದು ನೂಲು ಬಿಟ್ಟಿತ್ತು.

"ಯಾವತ್ತಿನಿಂದ?" ಅಂದೆ.

"ಈ ದೇಶಕ್ಕ ಬಂದಾಗಿಂದ." ತಲೆ ಎತ್ತಲಿಲ್ಲ. "ನೀ ಹೊಸದಾಗಿ ಬಂದಿದ್ದಿ. ಮೊದಲನೇ ದಿನಾನ ಹೆಂಗ ಅಲ್ಲ ಅನ್ನೋದು? ದಾಕ್ಷಿಣ್ಯ. ಆಮ್ಯಾಲ ಹೇಳಾಕ ಭಾಳ ತಡ ಆಗಿಬಿಡ್ತು."

ಟೀಮು ಯಾವುದಾದರೇನು, ಅದನ್ನು ನುಂಗಿಕೊಳ್ಳಬಹುದಿತ್ತು. ಆದರೆ ಅಷ್ಟು ವರ್ಷ ನಿಜವಾಗಿ ನಕ್ಕವಳು ನಾನೊಬ್ಬಳೇ, ಅದೂ ಅವರ ದುಃಖದ ಎದುರಿಗೆ ಕೂತು. ಬಟ್ಟಲು ಹಿಡಿದುಕೊಂಡೇ ಅದಕ್ಕಿಂತ ಹೆಚ್ಚಿನದೊಂದನ್ನು ಕೇಳಿದೆ.

"ನಾನು ಕೆಲಸ ಬಿಟ್ಟಾಗ ಛಲೋ ಮಾಡಿದಿ ಅಂದ್ರಲ್ಲ, ಅದೂ ದಾಕ್ಷಿಣ್ಯಕ್ಕೇನಾ?"

ಆಗ ನನ್ನ ಮುಖ ನೋಡಿದರು. "ಅಲ್ಲ ಅಂದ್ರ ಈಗ ನಂಬತೀಯೇನು?"

ಬಟ್ಟಲನ್ನು ಅಲ್ಲೇ ಇಟ್ಟು ಬಂದುಬಿಟ್ಟೆ. ಚಳಿಗಾಲವಿಡೀ ಡ್ರೈವ್‌ವೇಯ ಹಿಮ ತೆಗೆಯುವಾಗ ಎದುರುಬದುರು ಸಿಕ್ಕರೂ ಹಲೋ ಅಷ್ಟೇ. ಒಂದೆರಡು ಸಲ ಅವರು ಸಲಿಕೆ ಊರಿ ನಿಂತು ಕಾದರು. ನಾನು ಗರಾಜಿನ ಬಾಗಿಲು ಇಳಿಸಿದೆ. ಮಾರ್ಚ್‌ನಲ್ಲಿ, ಹೊಸ ಸೀಸನ್ನು ಶುರುವಾಗುವ ಮೊದಲೇ ಹೃದಯಾಘಾತವಾಗಿ ಹೋಗಿಬಿಟ್ಟರು.

ಇವತ್ತಿಗೂ ಆಟ ಕೇಳುವಾಗ ಅವರು ಕಲಿಸಿದ ಹಾಗೆಯೇ ಹಾಳೆ ತುಂಬುತ್ತೇನೆ. ಕೋಪ ಪೂರ್ತಿ ಹೋಗಿದೆ ಅಂತ ಹೇಳಲಾರೆ. ಆದರೆ ಅವತ್ತು ಅವರು ಕೇಳಿದ್ದಕ್ಕೆ, ದಾಕ್ಷಿಣ್ಯಕ್ಕಾದರೂ, "ನಂಬ್ತೀನಿ ಅಂಕಲ್" ಅನ್ನಬಹುದಿತ್ತು.

ಅನ್ನಲಿಲ್ಲ.