ಉತ್ತರ ಬೇಡವೆಂದವಳು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ದಂತವೈದ್ಯರ ಚಿಕಿತ್ಸಾಲಯದ ಮಹಡಿಯಲ್ಲಿ, ಒಂದೇ ಕಿಟಕಿಯ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಕೆಳಗೆ ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮೇಲೆ ಇವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ ಉಜ್ಜುವಳು. ಸಂಜೆ ಹೊತ್ತಿಗೆ ತಲೆಗೂದಲ ಮೇಲೆಲ್ಲ ಉಜ್ಜಿದ ಒಸಡಿನ ಗುಲಾಬಿ ಬಣ್ಣದ ಪುಡಿ. “ಕಡಲೆ ಇದ್ದವರಿಗೆ ಹಲ್ಲು ಕೊಡೋಳು ನಾನು” ಎಂದು ತಾನೇ ನಗುವಳು.

ಚಿಕ್ಕಂದಿನಲ್ಲಿ ಅವಳಿಗೆ ಚದುರಂಗ ಕಲಿಸಿದ್ದು ಅಣ್ಣ. ಕಲಿಸಿದ್ದು ಅನ್ನುವುದಕ್ಕಿಂತ ಎದುರಿಗೆ ಕೂರಿಸಿಕೊಂಡದ್ದು ಅನ್ನಬೇಕು. ಇವಳು ಯೋಚಿಸುತ್ತಿರುವಾಗಲೇ ಅವನ ಕೈ ಇತ್ತ ಬರುತ್ತಿತ್ತು. “ಅಲ್ಲಲ್ಲ, ಕುದುರೆ ಇಲ್ಲಿಗಿಡು” ಎಂದು ಇವಳ ಕಾಯಿಯನ್ನೂ ಅವನೇ ನಡೆಸಿ, ಕೊನೆಗೆ ತಾನೇ ಗೆದ್ದು ಎದ್ದುಹೋಗುವನು. ಯಾವ ಶಾಲೆ, ಯಾವ ಕೆಲಸ ಎನ್ನುವುದಕ್ಕೂ ಮನೆಯಲ್ಲಿ ಹಾಗೆಯೇ ಆಗುತ್ತಿತ್ತು: ಇವಳು ಬಾಯಿ ತೆರೆಯುವ ಮೊದಲೇ ಯಾರಾದರೂ ಇವಳ ಉತ್ತರ ಹೇಳಿರುತ್ತಿದ್ದರು. ಒಂದು ದಿನ ಹುಡುಗಿ ಆಟ ಬಿಟ್ಟಳು. ಬಿಟ್ಟವಳು ಹಳೆಯ ಪತ್ರಿಕೆಯೊಂದರಲ್ಲಿ ಯಾರೋ ಹೆಣೆದ ಒಗಟನ್ನು ಕಂಡಳು. ಇಷ್ಟು ಕಾಯಿ, ಬಿಳಿಯ ಸರದಿ, ಎರಡೇ ನಡೆಯಲ್ಲಿ ಚೆಕ್‌ಮೇಟ್. ಎದುರಿಗೆ ಯಾರೂ ಇಲ್ಲ, ಅತ್ತಣಿಂದ ಕೈ ಚಾಚುವವರೂ ಇಲ್ಲ. ಅಂದಿನಿಂದ ಅವಳಿಗೆ ಅದೇ ಹುಚ್ಚು.

“ಎದುರಾಳಿ ಇಲ್ದಿರೋ ಆಟ ಒಂದು ಆಟಾನಾ?” ಎಂದು ಅಣ್ಣ ಹಂಗಿಸುತ್ತಿದ್ದ. ಅವನು ಚದುರಂಗ ಕೂಟದಲ್ಲಿ ಹೆಸರು ಮಾಡಿದವನು.

“ಇದಾನಲ್ಲ, ಹೆಣೆದೋನು. ನಾನು ಎಲ್ಲೆಲ್ಲಿ ಮೋಸ ಹೋಗ್ತೀನಿ ಅಂತ ಮೊದಲೇ ಯೋಚಿಸಿ ಬಾಗಿಲು ಹಾಕಿಟ್ಟಿರ್ತಾನೆ. ನಿನ್ನ ಎದುರಾಳಿ ಯಾವತ್ತಾದ್ರೂ ಅಷ್ಟು ಯೋಚಿಸಿದಾನಾ?”

ಒಂದು ವರ್ಷ ಕೂಟದವರು ಒಗಟು ಬಿಡಿಸುವ ಸ್ಪರ್ಧೆಯೊಂದನ್ನು ಇಟ್ಟರು. ಹಲ್ಲಕ್ಕ ಹೆಸರು ಕೊಟ್ಟಳು. ಉಳಿದವುಗಳನ್ನು ಬಿಡಿಸಿದಳು, ಕೊನೆಯದು ಮಾತ್ರ ಜಗ್ಗಲಿಲ್ಲ. ಮೂರು ನಡೆಯಲ್ಲಿ ಕಪ್ಪು ರಾಜ ಸಾಯಬೇಕು. ಅವನ ಸುತ್ತಲಿನ ಮನೆಗಳಿಗೆಲ್ಲ ಆಗಲೇ ಕಾವಲಿತ್ತು. ಕಪ್ಪಿಗೆ ಉಳಿದದ್ದು ಕಾಲಾಳಿನ ಒಂದೇ ಒಂದು ಹೆಜ್ಜೆ. ಅದೂ ಮುಗಿದರೆ ನಡೆಯೇ ಇಲ್ಲ, ನಡೆ ಇಲ್ಲದಿದ್ದರೆ ಆಟ ಸಮ. ಬಿಗಿ ಮಾಡಿದಷ್ಟೂ ರಾಜ ಬದುಕಿಕೊಳ್ಳುತ್ತಿದ್ದ.

ಗಂಟೆ ಹೊಡೆಯಿತು. ಕೂಟದ ಕಾರ್ಯದರ್ಶಿ ಎಲ್ಲರಿಗೂ ಉತ್ತರದ ಹಾಳೆ ಹಂಚುತ್ತ ಬಂದರು. ಹಲ್ಲಕ್ಕ ತನ್ನದನ್ನು ಮಗುಚಿ ಹಿಂದಕ್ಕೆ ನೂಕಿದಳು.

“ತಗೊಳ್ಳಮ್ಮಾ, ನೋಡಿ ಕಲೀಬೇಕು.”

“ನೋಡಿದ್ರೆ ಕಲಿತ ಹಾಗಲ್ಲ, ಹೇಳಿಸ್ಕೊಂಡ ಹಾಗೆ. ಬೇಡ.”

“ಸ್ಪರ್ಧೆ ಮುಗೀತಲ್ಲ.”

“ನಿಮ್ದು ಮುಗೀತು” ಎಂದು ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ಮರುದಿನದಿಂದ ಒಗಟು ಅವಳ ಕೆಲಸದ ಮೇಜಿಗೆ ಬಂತು. ಬಣ್ಣ ಹೊಂದದೆ ಬಿಸಾಡುವ ಹಲ್ಲುಗಳೇ ಕಾಯಿಗಳಾದವು. ದವಡೆಹಲ್ಲು ಆನೆ, ಕೋರೆಹಲ್ಲು ಒಂಟೆ, ಮುಂದಿನ ಹಲ್ಲುಗಳು ಕಾಲಾಳು. ಕಪ್ಪು ಕಾಯಿಗೆ ಬೇಕಾದವುಗಳನ್ನು ಶಾಯಿಯಲ್ಲಿ ಅದ್ದಿದಳು. ವೈದ್ಯರು ಮೇಲೆ ಬಂದವರು ಶಾಯಿಹಲ್ಲು ಕಂಡು, “ಇದು ಯಾವ ರೋಗಿಯದಪ್ಪಾ?” ಎಂದು ಗಾಬರಿಯಾದರು. ಅಚ್ಚು ಗಟ್ಟಿಯಾಗುವವರೆಗಿನ ಬಿಡುವಿನಲ್ಲೆಲ್ಲ ಅವಳು ಆ ಹಲ್ಲುಗಳನ್ನು ದಿಟ್ಟಿಸಿ ಕೂತಿರುವಳು. ತಿಂಗಳುಗಳು ಕಳೆದವು. ಕೂಟದಲ್ಲಿ ಅದು ನಗೆಯ ಮಾತಾಯಿತು. ದಾರಿಯಲ್ಲಿ ಸಿಕ್ಕವರು, “ಮೊದಲನೇ ನಡೆ ಒಂದು ಹೇಳ್ಲಾ?” ಎಂದು ಕೆಣಕಿದರೆ ಅವಳು ಎರಡೂ ಕಿವಿ ಮುಚ್ಚಿಕೊಂಡು, ಜೋರಾಗಿ ಮಗ್ಗಿ ಹೇಳುತ್ತ ದಾಟಿಹೋಗುವಳು. ಜನ ತಿರುಗಿ ನೋಡಿದರೆ ನೋಡಲಿ.

ಒಂದು ಭಾನುವಾರ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣನಿಗೆ ತಡೆಯಲಾಗಲಿಲ್ಲ.

“ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯೇ? ಒಂದೇ ಮಾತು, ಹೇಳ್ಬಿಡ್ತೀನಿ. ಆ ಮೂ...”

ಅವಳು ತಟ್ಟೆ ಬಿಟ್ಟು ಎದ್ದಳು. “ಇನ್ನೊಂದಕ್ಷರ ಆಡಿದ್ರೆ ನಿನ್ನ ಹಲ್ಲಿನ ಸೆಟ್ಟು ನಾನೇ ಮಾಡ್ಬೇಕಾಗುತ್ತೆ ನೋಡು.”

ಅಮ್ಮ ನಗು ನುಂಗಿಕೊಂಡು, “ಬಾಯಿ ಮುಚ್ಕೊಂಡು ತಿನ್ನೋ. ಅವಳ ಪಾಡಿಗೆ ಅವಳನ್ನ ಬಿಡು” ಎಂದಳು. ಜೀವಮಾನದಲ್ಲಿ ಮೊದಲ ಸಲ ಅಮ್ಮ ಮಗನನ್ನು ಸುಮ್ಮನಿರಿಸಿದ್ದಳು. ಹಲ್ಲಕ್ಕ ಮತ್ತೆ ಕೂತು ಊಟ ಮಾಡಿದಳು. ಅಣ್ಣನ ಬಾಯಿಂದ ಜಾರಿದ ಆ ‘ಮೂ’ ಮೂರೋ ಮೂಲೆಯೋ ಎಂದು ಯೋಚಿಸಬಾರದೆಂದು ಹಟ ಹಿಡಿದು, ಆ ವಾರವಿಡೀ ಮೇಜಿನ ಮೇಲಿನ ಹಲ್ಲುಗಳಿಗೆ ಬಟ್ಟೆ ಮುಚ್ಚಿಟ್ಟಳು. ಕದ್ದ ಸುಳಿವು ಅವಳಿಗೆ ಬೇಕಿರಲಿಲ್ಲ.

ಬಟ್ಟೆ ತೆಗೆದ ದಿನ ಬುಡದಿಂದ ಶುರುಮಾಡಿದಳು. ಹೆಣೆದವನು ಒಂದು ಕಾಯಿಯನ್ನೂ ಸುಮ್ಮನೆ ಇಟ್ಟಿರುವುದಿಲ್ಲ. ಒಂದೊಂದನ್ನೇ ಎತ್ತಿ, ‘ನೀನು ಇಲ್ಲದಿದ್ದರೆ ಏನು ಕೆಡುತ್ತೆ?’ ಎಂದು ಕೇಳುತ್ತ ಬಂದಳು. ಒಂಟೆಯನ್ನು ಎತ್ತಿದಾಗ ರಾಜನಿಗೆ ಒಂದು ಮನೆ ತೆರೆಯಿತು. ಅಲ್ಲಿಗೆ ಅವನು ಹೋಗಲಿ ಬಿಡು ಎಂದು ಅವಳಿಗೆ ಇಷ್ಟು ದಿನ ಅನ್ನಿಸಿಯೇ ಇರಲಿಲ್ಲ.

ಒಂಟೆಯನ್ನು ಓರೆಗೆರೆಯ ತುದಿಯವರೆಗೂ ಹಿಂದಕ್ಕೆ ಎಳೆದಳು. ಕಾಲಾಳು ತನ್ನ ಒಂದು ಹೆಜ್ಜೆ ಮುಗಿಸಿತು. ಆಗ ಆನೆಯನ್ನು ತಂದು ತನ್ನದೇ ಒಂಟೆಯ ದಾರಿಗೆ ಅಡ್ಡ ನಿಲ್ಲಿಸಿದಳು. ಕಾವಲು ತಪ್ಪಿತು, ರಾಜನಿಗೆ ಮನೆ ಸಿಕ್ಕಿತು. ಬೇರೆ ಗತಿಯಿಲ್ಲದೆ ಹೊರಬಂದ. ಆನೆ ಪಕ್ಕಕ್ಕೆ ಸರಿಯಿತು, ದೂರದ ಒಂಟೆ ನೇರ ಅವನ ಮೇಲೆ ಬಿತ್ತು. ರಾಜ ಸತ್ತ. ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಕಣ್ಣು ಮಾತ್ರ ಒದ್ದೆಯಾಗಿತ್ತು. ಪುಡಿಗೈಯಲ್ಲೇ ಒರೆಸಿಕೊಂಡಾಗ ಇಡೀ ಮುಖ ಗುಲಾಬಿಯಾಯಿತು.

ಸಂಜೆ ಅಣ್ಣನ ಮನೆಗೆ ಹೋಗಿ ಮೂರೂ ನಡೆ ಆಡಿ ತೋರಿಸಿದಳು. ಅವನು ಎದ್ದು ಕಪಾಟಿನಿಂದ ಉತ್ತರದ ಹಾಳೆ ತಂದ.

“ಸರಿ ಇದೆಯೋ ಇಲ್ವೋ ನೋಡಲ್ವಾ?”

“ನನ್ನದು ಸರಿ ಇದೆ. ಬೇಕಾದ್ರೆ ಆ ಹಾಳೆ ಸರಿ ಇದೆಯಾ ಅಂತ ನೀನು ನೋಡು.”

ಅಣ್ಣ ಹಾಳೆಯನ್ನು ಮಡಿಸಿ ಮತ್ತೆ ಕಪಾಟಿಗೆ ಸೇರಿಸಿದ. “ನಾನು ಉತ್ತರ ಓದಿದ್ದೆ ಅಷ್ಟೆ” ಎಂದ ಮೆಲ್ಲಗೆ. ಆಮೇಲೆ, “ನನಗೂ ಒಂದು ಒಗಟು ಕೊಡೇ” ಎಂದ. ಅವಳು ಕೊಟ್ಟಳು. ಎರಡೇ ದಿನಕ್ಕೆ ಫೋನು ಬಂತು. ಬರೀ ಒಂದು ಸುಳಿವು ಸಾಕಂತೆ. ಹಲ್ಲಕ್ಕ, ಕೈಯಲ್ಲಿ ಕೆಲಸ ಇದೆ ಎಂದು ಇಟ್ಟುಬಿಟ್ಟಳು.