ಕಾರಿನ ಗುಂಪಿನಲ್ಲಿ ನನಗೊಬ್ಬಳು ಸವತಿ

ನಿಮ್ಮ ಮೊಮ್ಮಗಳನ್ನು ಮೊಬೈಲಿನೊಳಗಿನ ಮುಖ ಕಾಣದ ಜನ ಸೇರಿ ಹಾರಿಸಿಕೊಂಡು ಹೋದರೆ ನೀವು ಯಾವ ಠಾಣೆಗೆ ದೂರು ಕೊಡುತ್ತೀರಿ, ಹೇಳಿ ನೋಡೋಣ? ನಗಬೇಡಿ. ಮಾಗಡಿಯ ಜಗಲಿಯ ಮೇಲೆ ಕಾಲು ಚಾಚಿಕೊಂಡು ಇದನ್ನು ಓದುವವರಿಗೆ ನಗು ಬರುತ್ತದೆ, ಗೊತ್ತು. ಅಲ್ಲಿದ್ದಾಗ ನನಗೂ ಎಲ್ಲದಕ್ಕೂ ನಗು ಬರುತ್ತಿತ್ತು.

ಮೊಮ್ಮಗಳು ಸೌಮ್ಯಳಿಗೆ ಜೇವರ್ಗಿಗೆ ವರ್ಗವಾದಾಗ ನಾನೂ ಗಂಟು ಕಟ್ಟಿಕೊಂಡು ಹಿಂದೆಯೇ ಬಂದೆ. ಮೂರು ವರ್ಷದ ಕೂಸಾಗಿದ್ದಾಗಿನಿಂದ ಅವಳನ್ನು ಸಾಕಿದವಳು ನಾನು. ಈಗ ಅವಳು ದನದ ಡಾಕ್ಟರು. ಬಸ್ಸಿಳಿದು ಸುತ್ತ ನೋಡಿದೆ. ಗುಡ್ಡವಿಲ್ಲ, ಬಂಡೆಯಿಲ್ಲ, ಭೂಮಿಗೆ ಅಂಚೇ ಇಲ್ಲ. ಮಣ್ಣು ಬಾಣಲೆಯ ತಳದ ಹಾಗೆ ಕಪ್ಪು. ಯಾರೋ ಪಾಪಿಗಳು ಊರಿನ ಹೊಲಕ್ಕೆಲ್ಲ ಬೆಂಕಿ ಇಟ್ಟಿದ್ದಾರೆ ಎಂದುಕೊಂಡು, "ಅಯ್ಯೋ, ಯಾವಾಗ ಹತ್ತಿಕೊಂಡಿತು?" ಎಂದು ಪಕ್ಕದವನನ್ನು ಕೇಳಿದೆ. ಅವನು ನನ್ನನ್ನೂ ನೋಡಿದ, ಹೊಲವನ್ನೂ ನೋಡಿದ, ಚೀಲ ಹೆಗಲಿಗೇರಿಸಿ ನಡೆದ. ಇದು ಎರೆ ಮಣ್ಣು, ಹುಟ್ಟಿನಿಂದಲೇ ಹೀಗೆ ಎಂದು ಸೌಮ್ಯ ಆಮೇಲೆ ಹೇಳಿದಳು.

ಬಾಡಿಗೆ ಮನೆಯೊಡತಿ ಬಾಗಿಲಲ್ಲಿ ನಿಂತು, "ಬಾ ಬೇ, ಒಳಗ ಬಾ" ಎಂದಳು. ನಮ್ಮಲ್ಲಿ ಮೊದಲ ಭೇಟಿಯಲ್ಲಿ ಹಾಗೆ ಕರೆದರೆ ಪಂಚಾಯ್ತಿ ಸೇರುತ್ತದೆ. ಮೂರು ದಿನ ಅವಳೊಂದಿಗೆ ಮಾತು ಬಿಟ್ಟೆ. ನಾಲ್ಕನೆಯ ದಿನ ತಿಳಿಯಿತು, ಇಲ್ಲಿ ಹೆಂಗಸರು ಹೆಂಗಸರನ್ನು ಸಲಿಗೆಯಿಂದ ಕರೆಯುವುದೇ 'ಬೇ' ಎಂದು. ಅಷ್ಟು ಹೊತ್ತಿಗೆ ಅವಳು ಬಿಸಿ ರೊಟ್ಟಿ ತಂದುಕೊಟ್ಟಾಗಿತ್ತು. ನಾನು ಜೋಳದ ರೊಟ್ಟಿ ಬಡಿದರೆ ಒಂದೊಂದೂ ಒಂದೊಂದು ತಾಲ್ಲೂಕಿನ ಆಕಾರಕ್ಕೆ ಬರುತ್ತಿತ್ತು. ಮುದ್ದೆಗೆ ರಾಗಿ ಹಿಟ್ಟು ಕೇಳಿದರೆ ಅಂಗಡಿಯವನು, "ಯಾರಿಗರಾ ಆರಾಮಿಲ್ಲೇನ್ರಿ?" ಎಂದು ಮರುಕದಿಂದ ಕೇಳುತ್ತಿದ್ದ. ಹಗಲೆಲ್ಲ ಸೌಮ್ಯ ಹಳ್ಳಿಗಳಲ್ಲಿ. ಮನೆಯಲ್ಲಿ ನಾನು ಮತ್ತು ಕಾದ ಪರಸಿ ಕಲ್ಲಿನ ನೆಲ.

ಇದನ್ನೆಲ್ಲ ಸಹಿಸಿದೆ. ಸಹಿಸಲಾರದ್ದು ಕಾರಿನ ವಿಷಯ.

ಹಳ್ಳಿ ತಿರುಗಲು ಅವಳಿಗೊಂದು ಕಾರು ಬೇಕಾಯಿತು. ಯಾರನ್ನು ಕೇಳಬೇಕಿತ್ತು? ನಮ್ಮ ಯಜಮಾನರು ಮೂವತ್ತು ವರ್ಷ ಮಾಗಡಿಯಲ್ಲಿ ಟ್ಯಾಕ್ಸಿ ಓಡಿಸಿದವರು. ಬೀದಿಯ ತುದಿಯಲ್ಲಿ ಗಾಡಿ ತಿರುಗಿದ ಸದ್ದಿಗೇ ಬೆಲ್ಟು ಸಡಿಲವಾಗಿದೆ ಎಂದು ಒಲೆಯ ಮುಂದಿನಿಂದ ಹೇಳುತ್ತಿದ್ದೆ ನಾನು. ಆದರೆ ಅವಳು ಕೇಳಿದ್ದು ಮೊಬೈಲನ್ನು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳ ಕಾರು ಮಾಲೀಕರದ್ದೊಂದು ಗುಂಪು ಅದರೊಳಗಿದೆ. ಷೋರೂಮಿನವನು ಗಾಡಿಯ ಗುಣ ಹೇಳುತ್ತಾನೆ. ಇವರು ಸ್ವಂತ ಗಾಡಿಯ ದೋಷ ಹೇಳುತ್ತಾರೆ, ಅದೂ ಅತ್ತೆಯ ಬಗ್ಗೆ ಹೇಳುವ ಸೊಸೆಯರ ಉತ್ಸಾಹದಿಂದ. ಖಜೂರಿಯವನೊಬ್ಬ, ಲಾರಿಗಳು ಕೊರೆದಿಟ್ಟ ದಾರಿಯಲ್ಲಿ ತನ್ನ ಕಾರಿನ ಹೊಟ್ಟೆ ತರಚಿದ ಫೋಟೊ ಹಾಕಿ, "ಕಡಿಮಿ ಎತ್ತರದ್ದು ತಗೋಬ್ಯಾಡ್ರಿ ಡಾಕ್ಟರ್" ಎಂದ. ಗಾಣಗಾಪುರದ ಲಾಡ್ಜಿನವನು, ಬೇಸಿಗೆಯಲ್ಲಿ ಹಿಂದಿನ ಸೀಟಿಗೆ ತಂಪು ಗಾಳಿ ಮುಟ್ಟದ ಗಾಡಿ ಯಾವುದೆಂದು ಹೆಸರು ಹಿಡಿದು ಹೇಳಿದ.

ಅವರದೊಂದು ಪದ್ಧತಿಯುಂಟು. ಕೊಳ್ಳುವ ಮೊದಲು ಅಂಥದೇ ಗಾಡಿಯ ಮಾಲೀಕರು ನಿಮ್ಮ ಮನೆಗೇ ಬಂದು, ನೀವು ದಿನಾ ಹೋಗುವ ದಾರಿಯಲ್ಲೇ ಅದನ್ನು ನಿಮ್ಮ ಕೈಗೆ ಕೊಟ್ಟು ಓಡಿಸಲು ಬಿಡುತ್ತಾರೆ. ಮುಂದೆ ನೀವು ಇನ್ನೊಬ್ಬರಿಗೆ ಹಾಗೆ ಮಾಡಬೇಕು, ಅಷ್ಟೇ ಕರಾರು. ಒಳ್ಳೆಯ ಪದ್ಧತಿ. ನಮ್ಮ ಮನೆಗೆ ಬಂದವಳು ಶಮೀಮ್ ಟೀಚರ್ ಆಗದಿದ್ದರೆ ಇನ್ನೂ ಒಳ್ಳೆಯದಿತ್ತು.

ನೆಲೋಗಿಯವಳು, ನಿವೃತ್ತ ಕನ್ನಡ ಟೀಚರು, ನನ್ನದೇ ವಯಸ್ಸು. ತಲೆಯ ಮೇಲಿನ ಸೆರಗು ಜಾರದ ಹಾಗೆ, ಬೇವಿನ ಮರಕ್ಕೂ ನೀರಿನ ಟಾಕಿಗೂ ನಡುವಿನ ಸಂದಿಯಲ್ಲಿ ಒಂದೇ ಕೈಯಲ್ಲಿ ಕಾರನ್ನು ಹಿಂದಕ್ಕೆ ಒಯ್ದಳು. ನನಗೆ ಸೈಕಲ್ಲೂ ಬಾರದು. ಸೌಮ್ಯ ಚಪ್ಪಾಳೆ ತಟ್ಟಿದಳು. ನಾನು ಸಕ್ಕರೆ ಹಾಕದೆ ಚಹಾ ಕೊಟ್ಟೆ. "ಭಾಳ ಚಲೋ ಆಯ್ತು ನೋಡ್ರಿ, ನನಗ ಶುಗರ್ ಅದ" ಎಂದು ಪೂರ್ತಿ ಕುಡಿದಳು!

ಅಂದಿನಿಂದ ಮನೆಯಲ್ಲಿ ಅವಳದೇ ಜಪ. "ಟೀಚರ್ ಹೀಗಂದ್ರು ಅಜ್ಜಿ, ಟೀಚರ್ ಹಾಗಂದ್ರು ಅಜ್ಜಿ." ತಡೆಯಲಾರದೆ ನಾನು ಮೊಬೈಲಿನಲ್ಲಿ ಬೆರಳಾಡಿಸಲು ಕಲಿತೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಸಾರು ಸೀದುಹೋಗುತ್ತಿತ್ತು. ಗುಂಪಿಗೆ ಸೇರಿ ಬರೆದ ಮೊದಲ ಮಾತು: "ಎತ್ತರದ ಗಾಡಿ ಮುದುಕರ ಮಂಡಿಗೆ ಶತ್ರು. ತಗ್ಗಿನದು ಕೊಳ್ಳಿ." ಗೆದ್ದೆ ಎಂದುಕೊಂಡೆ. ಎರಡು ದಿನ ಬಿಟ್ಟು ಶಮೀಮ್ ಒಂದು ಮಣಿ ಮಾಡಿಸಿಕೊಂಡು ಬಂದಳು, ಅಂದರೆ ಗಿಡ್ಡ ಕಾಲಿನ ಮಣೆ. "ಇದರ ಮ್ಯಾಲ ಕಾಲಿಟ್ಟು ಹತ್ರಿ ಆಯಿ" ಎಂದಳು. ಆಯಿ ಎಂದರೆ ಇಲ್ಲಿ ಅಜ್ಜಿ. ನನ್ನದೇ ವಯಸ್ಸಿನವಳು! ಎತ್ತರದ ಗಾಡಿಯೇ ಮನೆಗೆ ಬಂತು.

ಗುಂಪಿನವರು ಹೊಸ ಗಾಡಿಯನ್ನು ಸಾಲಾಗಿ ಗಾಣಗಾಪುರದ ದತ್ತಾತ್ರೇಯನ ಹತ್ತಿರ ಕರೆದೊಯ್ದರು. ದಾರಿ ತೋರಿಸಬೇಕೆಂದು ಮುಂದಿನ ಸೀಟಿನಲ್ಲಿ ಶಮೀಮ್ ಕುಳಿತಳು, ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿಯೊಂದಿಗೆ ನಾನು. ಭೀಮಾ ನದಿಯ ದಂಡೆಯಲ್ಲಿ ತೆಗೆದ ಫೋಟೊದಲ್ಲಿ ಬುಟ್ಟಿ ಪೂರ್ತಿ ಬಂದಿದೆ, ನಾನು ಅರ್ಧ. ಅವರಿಬ್ಬರೂ ಮುಂದೆ ನಗುತ್ತಿದ್ದುದನ್ನು ನೋಡುತ್ತಾ ನನಗನಿಸಿದ್ದು ಇಷ್ಟೇ: ಈ ಹುಡುಗಿಗೆ ಇನ್ನು ನಾನು ಯಾಕೆ ಬೇಕು? ನಾನು ಇಲ್ಲಿರುವುದೇ ಅವಳಿಗೆ ಬೇಕು ಎಂಬ ಒಂದು ಕಾರಣಕ್ಕೆ. ಅದೇ ಹೋದರೆ ಈ ಕರಿ ಬಯಲಿನಲ್ಲಿ ನನಗೇನು ಕೆಲಸ?

ಮೊನ್ನೆ ಬೆಳಿಗ್ಗೆ ನೆಲೋಗಿಯ ಆಚೆ ಭೀಮರಾಯ ಎಂಬ ರೈತನ ಎಮ್ಮೆಗೆ ಈಯುವಾಗ ಕರು ಅಡ್ಡ ಸಿಕ್ಕಿಕೊಂಡಿತು. ನಾನೂ ಜೊತೆಗೆ ಹೊರಟೆ. ಹೊಲದ ದಾರಿಗೆ ತಿರುಗುವಲ್ಲಿ ತುಂತುರು ಶುರುವಾಯಿತು. ಗಾಡಿ ಇಳಿಸಬಹುದೇ ಎಂದು ಸೌಮ್ಯ ಗುಂಪಿನಲ್ಲಿ ಕೇಳಿದಳು. ಶಮೀಮಳ ಉತ್ತರ ಕೂಡಲೇ ಬಂತು: "ಗಾಡಿ ಡಾಂಬರ ಬಿಟ್ಟು ಇಳಸಬ್ಯಾಡ್ರಿ. ಭೀಮರಾಯಗ ಟ್ರ್ಯಾಕ್ಟರ್ ತರಾಕ ಹೇಳ್ರಿ."

"ಈ ತುಂತುರಿಗೆ ಟ್ರ್ಯಾಕ್ಟರಾ?" ಎಂದೆ ನಾನು. "ನಿಮ್ಮ ತಾತ ಜಡಿಮಳೇಲಿ ಕೆರೆ ಏರಿ ಮೇಲೆ ಓಡಿಸ್ತಿದ್ರು ಕಣೆ. ಒಂದ್ಸಲನಾದ್ರೂ ನನ್ ಮಾತು ಕೇಳು."

ಸೌಮ್ಯ ನನ್ನ ಮುಖ ನೋಡಿದಳು. ಗಾಡಿ ಇಳಿಸಿದಳು.

ನಮ್ಮ ಕೆಂಪು ಮಣ್ಣು ಮಳೆ ಕುಡಿದು ಸುಮ್ಮನಾಗುತ್ತದೆ. ಇಲ್ಲಿಯದು ಹಾಗಲ್ಲ. ತುಂತುರು ಬಿದ್ದರೆ ಸಾಕು, ನಾದಿದ ಹಿಟ್ಟಾಗಿ ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಟ್ಟಿಯಾಗುತ್ತದೆ. ಕಳೆದ ಹಬ್ಬಕ್ಕೆ ಮಾಗಡಿಗೆ ಹೋದಾಗ, "ನಿಮ್ಮ ಮಣ್ಣು ಬಹಳ ಸಡಿಲ" ಎಂದಿದ್ದೆ ನಾನು. 'ನಿಮ್ಮ' ಎಂದದ್ದಕ್ಕೆ ತಂಗಿ ಮುನಿಸಿಕೊಂಡಳು. ಆದರೆ ಈ ಮಣ್ಣು ನನಗೆಷ್ಟು ಗೊತ್ತೆಂಬುದು ಮೊನ್ನೆ ಬಯಲಾಯಿತು. ನೂರು ಹೆಜ್ಜೆ ಹೋಗಿರಲಿಲ್ಲ, ನಾಲ್ಕೂ ಚಕ್ರ ಕಚ್ಚಿಕೊಂಡು ನಿಂತವು.

ಸೌಮ್ಯ ಎಂಜಿನ್ ಆರಿಸಿದಳು. ಚಪ್ಪಲಿ ಕಳಚಿ, ಔಷಧಿ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ನಡೆದಳು. ಎರಡು ಸಲ ಜಾರಿ ಮಂಡಿಯೂರಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಹೊಟ್ಟೆಕಿಚ್ಚಿಗೆ ಒಂದು ಎಮ್ಮೆ ಸತ್ತರೆ, ಅವಳಿಗೆ ಮತ್ತೆ ನಾನು ಯಾವ ಮುಖ ತೋರಿಸಲಿ?

ಗುಂಪು ತೆರೆದು ಬರೆದೆ: "ಗಾಡಿ ಹೂತಿದೆ. ಸೌಮ್ಯಳದ್ದು ತಪ್ಪಿಲ್ಲ. ನಾನು ಹೇಳಿ ಇಳಿಸಿದೆ. ಶಮೀಮ್ ಅವರು ಬರಬೇಕು." ಕೊನೆಯ ಸಾಲನ್ನು ಮೂರು ಸಲ ಅಳಿಸಿದ್ದೆ.

ಅವಳು ತನ್ನ ಗಾಡಿಯನ್ನು ಡಾಂಬರಿನ ಮೇಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕುರ್ಚಿಗಿ ಹಿಡಿದು ನಡೆದು ಬಂದಳು. ಕುರ್ಚಿಗಿ ಎಂದರೆ ಕಳೆ ತೆಗೆಯುವ ಬಾಗಿದ ಕತ್ತಿ. ಎರೆ ಹೊಲದ ಕಾರುಗಳಲ್ಲಿ ಜಾಕಿನ ಜೊತೆ ಅದೂ ಇರುತ್ತದೆ.

"ಅರೆ, ಬ್ಯಾಡ ಅಂತ ಹೇಳಿದ್ನಲ್ಲರಿ! ಮತ್ಯಾಕ ಇಳಸಿದ್ರಿ?"

"ನೀವು ಬ್ಯಾಡ ಅಂದಿದ್ದಕ್ಕೇ ಇಳಿಸಿದ್ದು" ಎಂದೆ.

ಅವಳು ಬಾನೆಟ್ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಖರೇ ಹೇಳ್ತಿ ನೋಡ್ ಬೇ ನೀ! ಬಾ, ಇಳಿ. ಇನ್ನೊಂದು ಕುರ್ಚಿಗಿ ನಿಂದು."

ಇಬ್ಬರು ಮುದುಕಿಯರೂ ಕೆಸರಲ್ಲಿ ಕುಕ್ಕರಗಾಲಿನಲ್ಲಿ ಕೂತು ಚಕ್ರ ಕೆರೆದೆವು. ಎರಡು ಚಕ್ರ ಅವಳದು, ಎರಡು ನನ್ನದು. ನನ್ನವು ಮೊದಲು ಮುಗಿದವು, ಇದನ್ನು ದಯವಿಟ್ಟು ಗಮನಿಸಿ.

ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಭೀಮರಾಯ ಓಡಿಸುತ್ತಿದ್ದ, ಪಕ್ಕದಲ್ಲಿ ಸೌಮ್ಯ, ಮೊಣಕೈವರೆಗೆ ರಕ್ತ, ಮುಖದಲ್ಲಿ ನಗು.

"ಎಮ್ಮಿ, ಕರ ಎರಡೂ ಉಳದಾವ್ರಿ! ಹೆಣ್ಣ ಕರ!" ಎಂದು ಭೀಮರಾಯ ದೂರದಿಂದಲೇ ಕೂಗಿದ. ನನ್ನ ಕೈಯ ಕುರ್ಚಿಗಿ ಕೆಳಗೆ ಬಿತ್ತು. ಸೌಮ್ಯ ಧುಮುಕಿ ನಮ್ಮ ಕಡೆಗೇ ಓಡಿ ಬಂದಳು. ಕೆಸರು ಮೆತ್ತಿದ ಎರಡು ಮುದುಕಿಯರನ್ನು ನೋಡಿದಳು, ಮತ್ತೆ ಮೊದಲು ಕೇಳಿದ್ದು ಯಾರನ್ನು?

"ಟೀಚರ್, ನಿಮ್ ಸೊಂಟ ನೋವು ಹೇಗಿದೆ?"

ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ. "ನೋಡಿ ಟೀಚರ್, ನಾಳೇನೇ ನಾನು ಮಾಗಡಿಗೆ ಹೊರಟೆ. ಆ ಮುಂದಿನ ಸೀಟೂ ನಿಮ್ದೇ, ಈ ಹುಡುಗೀನೂ ನಿಮ್ದೇ. ಇಟ್ಕೊಳ್ಳಿ!"

ಹೇಳಿ ಠೀವಿಯಿಂದ ಹೆಜ್ಜೆ ಎತ್ತಲು ನೋಡಿದೆ. ಕಾಲು ಏಳಲಿಲ್ಲ. ಸೌಮ್ಯ ನನ್ನ ತೋಳು ಹಿಡಿದುಕೊಂಡಳು. ಶಮೀಮ್ ತನ್ನ ಕುರ್ಚಿಗಿಯನ್ನು ಹುಲ್ಲಿಗೆ ಒರೆಸುತ್ತಾ, ತಲೆ ಕೂಡ ಎತ್ತದೆ ಹೇಳಿದಳು:

"ಹೋಗ್ ಬೇ, ಯಾರ್ ಬ್ಯಾಡ ಅಂತಾರ? ಆದ್ರ ಒಂದೊಂದ್ ಕಾಲಾಗ ನಮ್ಮೂರ ಮಣ್ಣ ಎರಡೆರಡ್ ಕಿಲೊ ಅದ, ಅದನ್ನ ಇಲ್ಲೇ ಇಟ್ಟು ಹೋಗು. ಬಿಡ್ತದೇನು ನೋಡ್ ಮೊದಲ."